ಖಾದರ್ ಹಿಡಿಯಲೋ, ಭಾಂಗರ್ ಹಿಡಿಯಲೋ?

ನಮಸ್ಕಾರ ಸರ್. ಉತ್ತರ ಪ್ರದೇಶದ ಗಢಮುಕ್ತೇಶ್ವರದ ಹತ್ತಿರ ಎರಡು ಜಮೀನು ಗುತ್ತಿಗೆಗೆ ಸಿಗುತ್ತಿವೆ, ಒಂದು ಗಂಗೆಯ ಪಕ್ಕದ ತಗ್ಗಿನಲ್ಲಿ, ಇನ್ನೊಂದು ಮೇಲಿನ ದಿಣ್ಣೆಯಲ್ಲಿ, ತರಕಾರಿಗೆ ಯಾವುದಾಗುತ್ತದೆ ಅಂತ ಕೇಳಿದ್ದೀರಿ. ತಗ್ಗಿನದು ಖಾದರ್, ಹೊಸ ಮೆಕ್ಕಲು. ದಿಣ್ಣೆಯದು ಭಾಂಗರ್, ಹಳೆಯ ಮೆಕ್ಕಲು. ಖಾದರ್ ಫಲವತ್ತು, ಭಾಂಗರ್ ಅಷ್ಟಕ್ಕಷ್ಟೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದೊಂದನ್ನೇ ನಂಬಿ ಮುಂಗಡ ಕೊಡಬೇಡಿ.

ಪ್ರವಾಹ ಬಂದಾಗಲೆಲ್ಲ ಖಾದರ್ ಮೇಲೆ ಹೊಸ ಪದರ ಕೂರುತ್ತದೆ, ನಿಜ. ಆದರೆ ನಿಧಾನದ ನೀರು ನುಣ್ಣನೆಯ ಗೋಡು ಬಿಟ್ಟು ಹೋದರೆ, ರಭಸದ ನೀರು ಬರೀ ಮರಳು ಬಿಟ್ಟು ಹೋಗುತ್ತದೆ. ಒಂದೇ ಹೊಲದ ಈ ಮೂಲೆಯಲ್ಲಿ ಗೋಡು, ಆ ಮೂಲೆಯಲ್ಲಿ ಮರಳು ಇರಬಹುದು. ಅದಕ್ಕೇ ಮೂರ್ನಾಲ್ಕು ಕಡೆ 3 ಅಡಿ ಗುಂಡಿ ತೆಗೆಸಿ ನೋಡಿ. ಗುಂಡಿಯ ಗೋಡೆಯಲ್ಲಿ ಪಟ್ಟೆ ಪಟ್ಟೆಯಾಗಿ ಪದರಗಳು ಕಾಣುತ್ತವೆ. ಮೇಲೆ ಒಂದಡಿ ಗೋಡಿದ್ದರೆ ಗೋಧಿಯೂ ಬರುತ್ತದೆ. ಪೂರ್ತಿ ಮರಳಾದರೆ ಕಲ್ಲಂಗಡಿ, ಕರಬೂಜ, ಸೌತೆ, ಸೋರೆಯಂಥ ಬಳ್ಳಿಗಳಿಗೆ ಮಾತ್ರ.

ಆ ಬಳ್ಳಿ ಬೆಳೆ ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ನೀರು ಇಳಿದ ಮೇಲೆ ಚಳಿಗಾಲದಲ್ಲಿ ಮರಳಿನಲ್ಲಿ ಉದ್ದಕ್ಕೆ ಕಾಲುವೆ ತೋಡುತ್ತಾರೆ, ತಳದ ತೇವ ಸಿಗುವ ತನಕ. ಅದಕ್ಕೆ ಕೊಟ್ಟಿಗೆ ಗೊಬ್ಬರ ತುಂಬಿ ಬೀಜ ಹಾಕುತ್ತಾರೆ. ಚಳಿಗಾಳಿ ಬೀಸುವ ಕಡೆಗೆ ಒಣಹುಲ್ಲಿನ ತಡಿಕೆ ನಿಲ್ಲಿಸುತ್ತಾರೆ. ಮಳೆಗಾಲದ ಒಳಗೆ ಕಾಯಿ ಕಿತ್ತು ಮುಗಿದಿರಬೇಕು. ಮರಳಿನಲ್ಲಿ ಯೂರಿಯಾ ನಿಲ್ಲುವುದಿಲ್ಲ, ನೀರಿನ ಜೊತೆ ಕೆಳಗೆ ಇಳಿದುಬಿಡುತ್ತದೆ. ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವೇ ಕೊಡಿ.

ಈಗ ಭಾಂಗರ್. ಪ್ರವಾಹ ಮುಟ್ಟದ ಎತ್ತರ, ಅದೇ ದೊಡ್ಡ ನೆಮ್ಮದಿ. ದೋಆಬ್‌ನ (ಗಂಗೆ-ಯಮುನೆಗಳ ನಡುವಿನ ನಾಡಿನ) ಕಬ್ಬು, ಗೋಧಿ, ಆಲೂಗಡ್ಡೆಯ ಬಹುಪಾಲು ಬೆಳೆಯುವುದು ಇಂಥ ದಿಣ್ಣೆಯ ಮೇಲೇ. ಅಂಥ ಮಣ್ಣನ್ನು ಬಡ ಮಣ್ಣು ಅನ್ನೋದು ಹೇಗೆ? ಸಾವಿರಾರು ವರ್ಷ ಮಳೆ ನೀರು ಸುಣ್ಣವನ್ನು ಕೆಳಕ್ಕೆ ಇಳಿಸಿ ಗಂಟು ಕಟ್ಟಿಸಿರುತ್ತದೆ, ಇದಕ್ಕೆ ಕಂಕರ್ ಅನ್ನುತ್ತಾರೆ. ಒಂದು ಗಂಟು ಒಡೆದು ಟಾಯ್ಲೆಟ್ ತೊಳೆಯುವ ಆಸಿಡ್ ಎರಡು ಹನಿ ಬಿಡಿ (ಕೈಗೆ ತಾಗದಂತೆ), ಬುಸ್ಸಂತ ನೊರೆ ಬಂದರೆ ಸುಣ್ಣವೇ. ಅಲ್ಲೊಂದು ಇಲ್ಲೊಂದು ಗಂಟಿದ್ದರೆ ಚಿಂತೆಯಿಲ್ಲ. ಒಂದೂವರೆ ಅಡಿಯಲ್ಲೇ ಹಾಸುಗಲ್ಲಿನ ಹಾಗೆ ಸಿಕ್ಕರೆ ಬೇರು ಇಳಿಯುವುದಿಲ್ಲ, ಬಿಟ್ಟುಬಿಡಿ. ಸುಣ್ಣ ಜಾಸ್ತಿ ಇರುವ ಕಡೆ ಸತು, ಕಬ್ಬಿಣದ ಕೊರತೆಯೂ ಬರುತ್ತದೆ, ಎಲೆ ಹಳದಿಯಾಗುತ್ತದೆ.

ನಿಜವಾಗಿ ಹೆದರಬೇಕಾದ್ದು ಕ್ಷಾರಕ್ಕೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಎದ್ದಿದೆಯಾ, ಮಳೆ ನೀರು ಇಂಗದೆ ದಿನಗಟ್ಟಲೆ ರಾಡಿಯಾಗಿ ನಿಲ್ಲುತ್ತದಾ, ಪಕ್ಕದ ಹೊಲದವರನ್ನು ಕೇಳಿ. ಆ ಪುಡಿಯೇ ರೇಹ್. ನಮ್ಮ ಸವಳು ಭೂಮಿ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8.5 ದಾಟಿದ್ದರೆ ಮೊದಲ ವರ್ಷ ತರಕಾರಿಯ ಆಸೆ ಬೇಡ. ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಂ ಹಾಕಿ, ನೀರು ನಿಲ್ಲಿಸಿ, ಮೊದಲು ಭತ್ತ ಬೆಳೆಯಬೇಕು. ಇಂಥ ನೆಲಕ್ಕೆಂದೇ ಹರಿಯಾಣದ ಕರ್ನಾಲ್‌ನ ಸವಳು ಮಣ್ಣಿನ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ 36 ಎಂಬ ಭತ್ತದ ತಳಿ ಇದೆ. ಗುತ್ತಿಗೆ ಜಮೀನಿಗೆ ಇಷ್ಟು ಖರ್ಚು ಯಾಕೆ ಅಲ್ವಾ?

ಕುಡಿಯುವ ನೀರಿನದ್ದೂ ಒಂದು ಮಾತು. ಗಂಗೆಯ ಕೆಳಭಾಗದಲ್ಲಿ, ಬಲಿಯಾ, ಭೋಜಪುರದ ಕಡೆ, ಆರ್ಸೆನಿಕ್ ಎಂಬ ವಿಷ ಸಿಕ್ಕಿರುವುದು ಹೆಚ್ಚಾಗಿ ಹೊಸ ಮೆಕ್ಕಲಿನ ಕಡಿಮೆ ಆಳದ ಕೈಪಂಪುಗಳಲ್ಲಿ. ನಿಮ್ಮ ಜಾಗ ಅಲ್ಲಿಂದ ದೂರ. ಆದರೂ ತೋಟದಲ್ಲೇ ಆಳುಗಳು ಉಳಿಯುವುದಾದರೆ ನೀರು ಪರೀಕ್ಷೆ ಮಾಡಿಸಿ.

ನಾನಾಗಿದ್ದರೆ ಕ್ಷಾರವಿಲ್ಲದ ಭಾಂಗರ್ ಅನ್ನು ಐದು ವರ್ಷಕ್ಕೆ ಹಿಡಿಯುತ್ತೇನೆ. ಬೋರು, ಪೈಪು, ಬೇಲಿ ಎಲ್ಲ ಅಲ್ಲೇ. ಖಾದರ್ ಬೇಕೇ ಬೇಕು ಅಂದರೆ ಒಂದೇ ಹಂಗಾಮಿಗೆ. ಅದೂ ಪ್ರವಾಹ ಇಳಿದು ಹೊಲದ ಗಡಿ ಕಣ್ಣಿಗೆ ಕಂಡ ಮೇಲೆ ದುಡ್ಡು ಕೊಡಿ, ಏಕೆಂದರೆ ಗಂಗೆ ದಡ ಕೊರೆದರೆ ಹೊಲಕ್ಕೆ ಹೊಲವೇ ಹೋಗುತ್ತದೆ.