ಕಸೂತಿ ಪಾಠ ನೋಡಿದವರೆಲ್ಲ ‘ಚಂದ ಇದೆ’ ಅಂತಾರೆ, ಒಬ್ಬರೂ ಹೊಲಿಯೋದಿಲ್ಲ. ಎಲ್ಲಿ ತಪ್ಪಿದೆ?

ನೀವು ಕೇಳಿದ್ದು ಇಷ್ಟು: ನಿಮಗೆ ಕಸೂತಿ ಬರುತ್ತದೆ, ಹಂತ ಹಂತವಾಗಿ ಕಲಿಸುವ ಪಾಠ ಮಾಡಿ ಹಂಚಿದ್ದೀರಿ, ನೂರಾರು ಜನ ನೋಡಿದರು, ಹೊಗಳಿದರು, ಆದರೆ ಸೂಜಿ ಹಿಡಿದವರು ಯಾರೂ ಇಲ್ಲ. ನನಗೂ ಥೇಟ್ ಹೀಗೇ ಆಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಬೈಕೋಬೇಡಿ.

ನಾನು ಇರೋದು ಬಾಗಲಕೋಟೆ ನವನಗರದಲ್ಲಿ, ತವರು ಇಳಕಲ್ ಕಡೆ. ಅವ್ವ ಕಪ್ಪು ಚಂದ್ರಕಾಳಿ ಸೀರೆ ಮೇಲೆ ಕಸೂತಿ ಹಾಕುವಾಗ ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿತವಳು ನಾನು. ‘ಮೊದಲು ಹೀಗೆ, ಆಮೇಲೆ ಹೀಗೆ’ ಅಂತ ಯಾರೂ ಹೇಳಲಿಲ್ಲ. ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ, ಆ ಎಣಿಕೆ ತಪ್ಪಿದರೆ ಅವ್ವ ಏನೂ ಮಾತಾಡದೆ ಬಟ್ಟೆ ಕಸಿದುಕೊಂಡು ಬಿಚ್ಚಿ ಮತ್ತೆ ಕೈಗೆ ಕೊಡುತ್ತಿದ್ದಳು, ಅಷ್ಟೇ ಪಾಠ.

ಹಾಗಾಗಿ ನಾನು ಮೊದಲ ಸಲ ಗೋಪುರದ ವಿನ್ಯಾಸ ಕಲಿಸುತ್ತೇನೆ ಅಂತ 14 ಫೋಟೋ ತೆಗೆದು, ಒಂದೊಂದಕ್ಕೂ ಎರಡು ಸಾಲು ಬರೆದು ಹಾಕಿದಾಗ ಭಾರೀ ಕೆಲಸ ಮಾಡಿದೆ ಅಂದುಕೊಂಡಿದ್ದೆ. ನಾಲ್ಕೇ ದಿನಕ್ಕೆ ವೈನಿ (ಅತ್ತಿಗೆ) ಫೋನ್ ಮಾಡಿದರು. ‘ಏನವಾ, ಏಳನೇ ಫೋಟೋದಿಂದ ಎಂಟನೇದಕ್ಕ ಹೆಂಗ ಹೋದಿ? ನಡುವ ಏನ್ ಮಾಡಿದಿ?’ ಏನೂ ಮಾಡಿಲ್ಲ ವೈನಿ, ಸುಮ್ನೆ ಮುಂದುವರಿಸಿದೆ ಅಂದೆ. ಫೋನ್ ಇಟ್ಟ ಮೇಲೆ ಬಟ್ಟೆ ತೆಗೆದು ನೋಡಿದರೆ ಆ ಎರಡು ಫೋಟೋಗಳ ನಡುವೆ ಹನ್ನೊಂದು ಹೊಲಿಗೆ ಇದ್ದವು! ಅದರಲ್ಲಿ ಒಂದು ಕಡೆ ದಾರ ಕವಲಿಗೆ ಹೋಗಿ ವಾಪಸ್ ಬಂದಿತ್ತು. ನನ್ನ ಕೈ ಅದನ್ನು ನನ್ನನ್ನು ಕೇಳದೆ ಮಾಡಿ ಮುಗಿಸಿತ್ತು.

ನಿಮ್ಮದೂ ಇದೇ ತೊಂದರೆ ಅಂತ ನನ್ನ ಅನುಮಾನ. ಕೈಗೆ ರೂಢಿಯಾದದ್ದನ್ನು ಬಾಯಿ ಹೇಳುವುದೇ ಇಲ್ಲ. ನೋಡುವವರಿಗೆ ಅಲ್ಲಿ ಒಂದು ಹಳ್ಳ ಕಾಣುತ್ತದೆ, ದಾಟಲು ಆಗುವುದಿಲ್ಲ, ‘ಚಂದ ಇದೆ’ ಅಂದು ಹೋಗುತ್ತಾರೆ.

ಕಸೂತಿಯ ಗವಂತಿ ಹೊಲಿಗೆಯನ್ನೇ ತಗೊಳ್ಳಿ. ‘ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಬರುವಾಗ ಬಿಟ್ಟ ಜಾಗ ತುಂಬಿ’ ಅಂತ ಎಲ್ಲರೂ ಬರೆಯುತ್ತಾರೆ. ನಾನೂ ಬರೆದಿದ್ದೆ. ನೇರ ಗೆರೆಗೆ ಇದು ಸಾಕು. ಆದರೆ ಕಸೂತಿಯಲ್ಲಿ ನೇರ ಗೆರೆ ಎಷ್ಟು ಇರುತ್ತದೆ ಹೇಳಿ? ತೇರು, ತುಳಸಿ ಕಟ್ಟೆ, ಆನೆ ಅಂಬಾರಿ, ಎಲ್ಲದರಲ್ಲೂ ಕವಲುಗಳೇ. ಮುಖ್ಯ ಗೆರೆಯಲ್ಲಿ ಹೋಗುವಾಗ ಕವಲು ಸಿಕ್ಕರೆ ಅಲ್ಲೇ ಒಳಗೆ ಹೊಕ್ಕು, ತುದಿ ಮುಟ್ಟಿ, ಬಿಟ್ಟ ಜಾಗ ತುಂಬುತ್ತಾ ಅದೇ ತೂತಿಗೆ ವಾಪಸ್ ಬಂದು, ಆಮೇಲೆ ಮುಖ್ಯ ಗೆರೆಯಲ್ಲಿ ಮುಂದೆ ಹೋಗಬೇಕು. ಹೋಗುವಾಗ ಎಷ್ಟು ಹೊಲಿಗೆಯೋ ಬರುವಾಗಲೂ ಅಷ್ಟೇ ಆಗುವುದರಿಂದ ಸೂಜಿ ಬಟ್ಟೆಯ ಯಾವ ಬದಿಯಲ್ಲಿತ್ತೋ ಅದೇ ಬದಿಗೆ ಬಂದು ನಿಲ್ಲುತ್ತದೆ. ಈ ಮಾತನ್ನು ನಾನು ಇಪ್ಪತ್ತು ವರ್ಷ ಹೊಲಿದರೂ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ವೈನಿ ಕೇಳಿದ ಮೇಲೆ ಯೋಚಿಸಿ ಬರೆದದ್ದು.

ಇನ್ನೊಂದು ಚೌಕದ ಕಥೆ. ನಾಲ್ಕು ಹೊಲಿಗೆಯ ಪುಟ್ಟ ಚೌಕ. ಕಲಿಯುವವರು ಒಂದು ಸುತ್ತು ಬಂದು ಮತ್ತೆ ಅದೇ ದಿಕ್ಕಿಗೆ ಎರಡನೇ ಸುತ್ತು ಹೋಗುತ್ತಾರೆ. ಆಗ ಏನಾಗುತ್ತದೆ ಗೊತ್ತಾ? ಮೊದಲನೇ ಹೊಲಿಗೆ ಬಟ್ಟೆಯ ಮೇಲೆ, ಎರಡನೆಯದು ಬಟ್ಟೆಯ ಕೆಳಗೆ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಐದನೆಯದು ಮತ್ತೆ ಮೇಲೆ, ಅಂದರೆ ಮೊದಲನೆಯದರ ಮೇಲೇ ಇನ್ನೊಂದು ದಾರ ಬೀಳುತ್ತದೆ. ಚೌಕದ ಎರಡು ಬದಿ ದಪ್ಪ, ಎರಡು ಬದಿ ಖಾಲಿ. ಸುತ್ತು ಮುಗಿದ ಕೂಡಲೇ ಬಂದ ದಾರಿಯಲ್ಲೇ ಹಿಂದಿರುಗಬೇಕು, ಆಗ ನಾಲ್ಕೂ ಬದಿ ಹಿಂದೂ ಮುಂದೂ ತುಂಬುತ್ತವೆ. ಇದನ್ನು ನಿಮ್ಮ ಪಾಠದಲ್ಲಿ ಬರೆದಿದ್ದೀರಾ? ಬರೆದಿಲ್ಲ ಅಂದರೆ ಕಲಿಯುವವರು ಅಲ್ಲೇ ಬಟ್ಟೆ ಮಡಚಿಟ್ಟಿರುತ್ತಾರೆ.

ಈಗ ನಾನು ಮಾಡುವುದು ಹೀಗೆ. ಮಕ್ಕಳ ಚೌಕಳಿ ಪುಸ್ತಕದ ಹಾಳೆ ತಗೊಂಡು ವಿನ್ಯಾಸ ಬರೆದು, ಹೋಗುವ ದಾರಿಯನ್ನು ಕೆಂಪು ಪೆನ್ನಿನಲ್ಲಿ, ಬರುವ ದಾರಿಯನ್ನು ನೀಲಿಯಲ್ಲಿ ತೋರಿಸಿ, ಪ್ರತಿ ಹೊಲಿಗೆಗೂ ನಂಬರ್ ಹಾಕುತ್ತೇನೆ. ನೋಡಲು ಗಲೀಜಾಗಿ ಕಾಣುತ್ತದೆ, ನಿಜ. ಆದರೆ ಜನ ಹೊಲಿಯುವುದು ಆ ಗಲೀಜು ಹಾಳೆ ನೋಡಿಯೇ ಹೊರತು ನನ್ನ ಚಂದದ ಫೋಟೋ ನೋಡಿ ಅಲ್ಲ. ಜೊತೆಗೆ ಪ್ರತಿ ಹಂತದಲ್ಲೂ ಬಟ್ಟೆಯ ಹಿಂಬದಿಯ ಫೋಟೋ ಹಾಕಿ. ಗವಂತಿ, ಮೆಟ್ಟಿಲಿನ ಹಾಗೆ ಸಾಗುವ ಮುರಗಿ ಹೊಲಿಗೆ, ಎರಡರಲ್ಲೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ದಾರ ದಾರಿ ತಪ್ಪಿದ್ದು ಮೊದಲು ಗೊತ್ತಾಗುವುದು ಹಿಂದೆಯೇ. ನೇಯ್ದ ಹಾಗೆ ಕಾಣುವ ನೇಗಿ ಹೊಲಿಗೆಯಲ್ಲಿ ಹಾಗೆ ಒಂದೇ ಥರ ಬರುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನನ್ನದೇ ತಪ್ಪಾಯಿತು ಅಂತ ಪಾಪ ಬಿಚ್ಚುತ್ತಾ ಕೂರುತ್ತಾರೆ.

ಹಂಚುವ ಮೊದಲು ಒಂದು ಪರೀಕ್ಷೆ ಮಾಡಿ. ಕಸೂತಿ ಬಾರದ ಯಾರನ್ನಾದರೂ ಕೂರಿಸಿ ನಿಮ್ಮ ಪಾಠ ಕೊಡಿ, ನೀವು ಎದುರಿಗೆ ಬಾಯಿ ಮುಚ್ಚಿ ಕೂತಿರಿ. ಬಾಯಿ ಮುಚ್ಚುವುದೇ ಕಷ್ಟದ ಕೆಲಸ, ನಾನಂತೂ ಎರಡು ಸಲ ಎದ್ದು ಒಳಗೆ ಹೋಗಿ ಚಹಾ ಕಾಸಿದ್ದೇನೆ. ನಮ್ಮ ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ ನನ್ನ ಪಾಠ ಹಿಡಿದು ಕೂತು ಮೊದಲನೇ ಸಾಲಿನಲ್ಲೇ ನಿಂತಳು. ‘ಕಾಕು, ನಾಲ್ಕು ಎಳಿ ಅಂತ ಬರದೀರಿ, ಅಡ್ಡ ಎಳಿನೋ ಉದ್ದ ಎಳಿನೋ?’ ಅವಳು ಎಲ್ಲೆಲ್ಲಿ ತಡವರಿಸಿದಳೋ ಅಲ್ಲೆಲ್ಲ ಒಂದೊಂದು ಹಂತ ಸೇರಿಸಿದೆ, 14 ಇದ್ದದ್ದು 31 ಆಯಿತು. ಉದ್ದ ಆಯಿತು ಅಂತ ಯಾರೂ ದೂರಲಿಲ್ಲ.

ಬಟ್ಟೆ, ದಾರದ ವಿಷಯ ಬೇಗ ಮುಗಿಸುತ್ತೇನೆ. ಹೊಸಬರನ್ನು ಸೀದಾ ಇಳಕಲ್ ಸೀರೆ ಮೇಲೆ ಕೂರಿಸಬೇಡಿ, ಮ್ಯಾಟಿ ಬಟ್ಟೆ ಕೊಡಿ, ತೂತು ಎದ್ದು ಕಾಣುತ್ತವೆ. ಆರೆಳೆ ದಾರದಲ್ಲಿ ಎರಡೆಳೆ ಸಾಕು. ಮೊಂಡು ತುದಿಯ ಸೂಜಿ ಆದರೆ ಮೊದಲೇ ಹಾಕಿದ ದಾರವನ್ನು ಸೀಳುವುದಿಲ್ಲ. ದಾರ ಎಷ್ಟು ಉದ್ದ ಅಂದರೆ ಒಂದು ಮೊಳ. ಸೆಂಟಿಮೀಟರ್ ಬರೆದರೆ ಜನ ಪಟ್ಟಿ ಹುಡುಕಲು ಏಳುತ್ತಾರೆ, ಮೊಳ ಅಂದರೆ ಅಳತೆ ಕೈಯಲ್ಲೇ ಇರುತ್ತದೆ.

ಕಪ್ಪು ಬಟ್ಟೆ ಮೇಲೆ ಕಲಿಸಲೇಬೇಕು ಅಂತಿದ್ದರೆ ಅವ್ವನ ಉಪಾಯ ಹೇಳುತ್ತೇನೆ. ತೊಡೆ ಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲೆ ಬಟ್ಟೆ ಇಟ್ಟುಕೊಳ್ಳಿ, ಎಳೆಗಳ ನಡುವೆ ಬಿಳಿ ಇಣುಕಿ ಎಣಿಸಲು ಸಲೀಸಾಗುತ್ತದೆ. ಕ್ಯಾಮೆರಾಕ್ಕೂ ಅದೇ ಉಪಾಯ. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಫೋಟೋ ತೆಗೆಯಬೇಡಿ, ದಾರ ಬೆಳ್ಳಗೆ ಹೊಳೆದು ಏನೂ ಕಾಣುವುದಿಲ್ಲ. ಬೆಳಿಗ್ಗೆ ಕಿಟಕಿ ಪಕ್ಕ, ಬೆಳಕು ಓರೆಯಾಗಿ ಬೀಳುವ ಹಾಗೆ. ಮೊಬೈಲ್ ಎದುರಿಗೆ ಇಟ್ಟರೆ ನೋಡುವವರಿಗೆ ನಿಮ್ಮ ಕೈ ತಲೆಕೆಳಗಾಗಿ ಕಾಣುತ್ತದೆ, ಹೆಗಲ ಮೇಲಿಂದ ಇಣುಕಿದ ಹಾಗೆ ಇಡಿ, ನಾವೆಲ್ಲ ಕಲಿತದ್ದೂ ಹಾಗೇ ಅಲ್ವಾ. ನನ್ನ ಸ್ಟ್ಯಾಂಡ್ ಅಂದರೆ ಎರಡು ಸ್ಟೀಲ್ ಡಬ್ಬಿ, ಒಂದು ರಬ್ಬರ್ ಬ್ಯಾಂಡ್. ಮುಂದಿನ ಕ್ಯಾಮೆರಾ ಬಳಸಿದರೆ ಎಡ ಬಲ ಅದಲುಬದಲಾಗಬಹುದು, ಒಮ್ಮೆ ನೋಡಿಕೊಳ್ಳಿ.

ವಿಡಿಯೋನಾ ಬರಹನಾ ಅಂತಲೂ ಕೇಳಿದ್ದೀರಿ. ಕೈ ಚಲನೆ ತೋರಿಸಲು ಅರ್ಧ ನಿಮಿಷದ ವಿಡಿಯೋ ಇರಲಿ. ಎಣಿಕೆಗೆ ಹಾಳೆಯೇ ಬೇಕು. ಎರಡೂ ಕೈಯಲ್ಲಿ ಬಟ್ಟೆ ಸೂಜಿ ಹಿಡಿದವರು ಹಿಂದೆ ಮುಂದೆ ಎಳೆದು ವಿಡಿಯೋ ನಿಲ್ಲಿಸುವುದು ಹೇಗೆ? ನಾನು ಹಾಳೆಯ ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡವರಿದ್ದಾರೆ.

ಒಮ್ಮೆ ಮೂರು ಎಳೆ ಅಂತ ಬರೆಯುವಲ್ಲಿ ನಾಲ್ಕು ಅಂತ ಬರೆದು ಎಷ್ಟೋ ಜನರ ಗೋಪುರ ಓರೆಯಾಯಿತು. ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು, ಆದರೆ ಹಳೇ ಹಾಳೆ ಇಟ್ಟುಕೊಂಡವರಿಗೆ ಗೊತ್ತಾಗುವುದು ಹೇಗೆ? ಮೇಲ್ಗಡೆಯೇ ದಪ್ಪಕ್ಷರದಲ್ಲಿ ‘ಒಂಬತ್ತನೇ ಹಂತ ತಪ್ಪಿತ್ತು’ ಅಂತ ಹಾಕಿ, ಪಡೆದವರಿಗೆಲ್ಲ ಮತ್ತೆ ಕಳಿಸಿದೆ. ಇನ್ನು ಕದಿಯುವವರು ಇದ್ದೇ ಇರುತ್ತಾರೆ. ನನ್ನ ಹಾಳೆಯ ಹೆಸರು ಕತ್ತರಿಸಿ ಒಬ್ಬರು ತಮ್ಮದು ಅಂತ ಹಾಕಿಕೊಂಡಿದ್ದರು, ಎರಡು ದಿನ ಹೊಟ್ಟೆ ಉರಿಯಿತು. ಈಗ ಹೆಸರನ್ನು ಮೂಲೆಯಲ್ಲಿ ಹಾಕುವ ಬದಲು ವಿನ್ಯಾಸದ ನಡುವೆಯೇ ಸಣ್ಣದಾಗಿ ಬರೆಯುತ್ತೇನೆ. ಹಾಗಂತ ತೇರು, ಗೋಪುರ ನನ್ನದು ಅನ್ನಲು ಬರುವುದಿಲ್ಲ, ಅವು ಅಜ್ಜಿಯರ ಕಾಲದವು. ನಂಬರ್ ಹಾಕಿದ ಹಾಳೆ ಮಾತ್ರ ನನ್ನದು. ನೀವೂ ಬೇರೆಯವರ ಹಾಳೆ ನೋಡಿ ಕಲಿತಿದ್ದರೆ ಅವರ ಹೆಸರು ಹಾಕಿ.

ಗೋಪುರ, ಅಂಬಾರಿ ಸದ್ಯಕ್ಕೆ ಬಿಡಿ. ಆ ನಾಲ್ಕು ಹೊಲಿಗೆಯ ಚೌಕದಿಂದ ಶುರು ಮಾಡಿ, ಆಮೇಲೆ ಒಂದು ಕವಲಿರುವ ಗೆರೆ, ಆಮೇಲೆ ಮುರಗಿಯ ಮೆಟ್ಟಿಲು. ಕೊನೆಯಲ್ಲಿ ‘ನಿಮ್ಮದು ಹೇಗೆ ಬಂತು’ ಅಂತ ಕೇಳುವ ಬದಲು ‘ಹಿಂಬದಿಯ ಫೋಟೋ ಕಳಿಸಿ’ ಅಂತ ಬರೆಯಿರಿ. ನನಗೆ ಮೊದಲು ಕಳಿಸಿದವರು ವೈನಿಯೇ. ಎರಡು ಫೋಟೋ ಬಂದವು, ಯಾವುದು ಹಿಂದಿನದು ಅಂತ ಬರೆಯಲು ಮರೆತಿದ್ದರು, ಫೋನ್ ಮಾಡಿ ಕೇಳಬೇಕಾಯಿತು.