ನಾಲ್ಕು ಪುಟದ ಫಾರ್ಮ್‌ನಲ್ಲಿ ಮೊದಲ ಪುಟದ ಮಾಹಿತಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ಹೇಗೆ?

ನೀವು ಪಿಎಚ್‌ಪಿಯಲ್ಲಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ನಾಲ್ಕು ಪುಟದ ಅರ್ಜಿ ಮಾಡಿದ್ದೀರಿ, ಮೊದಲ ಪುಟದಲ್ಲಿ ತುಂಬಿದ ಹೆಸರು, ವಿಳಾಸ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಮಾಯ, ಎಲ್ಲವನ್ನೂ ಹಿಡನ್ ಇನ್‌ಪುಟ್‌ನಲ್ಲಿ ಹಾಕಿ ಮುಂದಕ್ಕೆ ಕಳಿಸುತ್ತಾ ಹೋಗಲಾ ಅಂತ ಕೇಳಿದ್ದೀರಿ. ಬೇಡ. ಮಾಹಿತಿ ಸರ್ವರ್‌ನಲ್ಲೇ ಇರಲಿ, ಬ್ರೌಸರ್ ಹತ್ತಿರ ಅದರ ಬೀಗದ ಕೈ ಮಾತ್ರ ಇರಲಿ.

ಮಾಯ ಆಗುವುದು ಯಾಕೆ ಅಂದರೆ, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿಗೆ ಹಿಂದಿನದು ನೆನಪಿರುವುದಿಲ್ಲ. ಪ್ರತಿ ಸಬ್‌ಮಿಟ್ ಕೂಡ ಅದಕ್ಕೆ ಹೊಸದೇ. ಎರಡನೇ ಪುಟ ಸಬ್‌ಮಿಟ್ ಮಾಡಿದಾಗ ಪೋಸ್ಟ್ ಅರೇ (ಫಾರ್ಮ್‌ನಿಂದ ಬಂದದ್ದನ್ನು ಪಿಎಚ್‌ಪಿ ಇಡುವ ಪಟ್ಟಿ) ಒಳಗೆ ಎರಡನೇ ಪುಟದ ಫೀಲ್ಡ್‌ಗಳು ಮಾತ್ರ ಬರುತ್ತವೆ.

ಹಿಡನ್ ಅಂದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಡೆವಲಪರ್ ಟೂಲ್ಸ್ ತೆರೆದು 500 ರೂಪಾಯಿ ಶುಲ್ಕವನ್ನು 5 ಮಾಡಿ ಕಳಿಸಲು ಯಾರಿಗೂ ಒಂದು ನಿಮಿಷ ಸಾಕು. ನೀವು ಮೊದಲ ಪುಟದಲ್ಲಿ ಎಲ್ಲ ಪರೀಕ್ಷೆ ಮಾಡಿರುತ್ತೀರಿ, ಆದರೆ ನಾಲ್ಕನೇ ಪುಟಕ್ಕೆ ಬರುವುದು ಅದೇ ಮಾಹಿತಿ ಅಂತ ಏನು ಗ್ಯಾರಂಟಿ? ಇನ್ನೊಂದು ವಿಷಯ. ಮಂಗಳೂರು ಕಡೆ ಡಿ'ಸೋಜ ಅಂತ ಎಷ್ಟೊಂದು ಜನ ಇದ್ದಾರೆ ಅಲ್ವಾ? ವ್ಯಾಲ್ಯೂ ಸುತ್ತ ಸಿಂಗಲ್ ಕೋಟ್ ಹಾಕಿ ಇಂಗ್ಲಿಷ್‌ನಲ್ಲಿ ಆ ಹೆಸರು ಹಾಗೇ ಬರೆದರೆ ಮುಂದಿನ ಪುಟಕ್ಕೆ ಬರೀ 'ಡಿ' ಹೋಗುತ್ತದೆ. ಇಂಥ ಚಿಹ್ನೆಗಳನ್ನು ಸುರಕ್ಷಿತ ರೂಪಕ್ಕೆ ಬದಲಿಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಕೂಡ ಪಿಎಚ್‌ಪಿ 8.1ಕ್ಕಿಂತ ಮುಂಚೆ ಸಿಂಗಲ್ ಕೋಟನ್ನು ತಾನಾಗಿ ಬದಲಿಸುತ್ತಿರಲಿಲ್ಲ.

ಹಾಗಾಗಿ ಸೆಷನ್ ಬಳಸಿ, ಅಂದರೆ ಒಬ್ಬೊಬ್ಬರ ಮಾಹಿತಿಯನ್ನು ಸರ್ವರ್‌ನಲ್ಲೇ ಎತ್ತಿಡುವ ಜಾಗ; ಬ್ರೌಸರ್ ಹತ್ತಿರ ಅದರ ಐಡಿ ಮಾತ್ರ ಇರುತ್ತದೆ. ಪ್ರತಿ ಪುಟದ ಮೊಟ್ಟಮೊದಲ ಸಾಲಿನಲ್ಲಿ ಸೆಷನ್_ಸ್ಟಾರ್ಟ್ ಕರೆಯಿರಿ. ಅದಕ್ಕೂ ಮುಂಚೆ ಒಂದು ಖಾಲಿ ಸಾಲು ಹೊರಗೆ ಹೋದರೂ 'ಹೆಡರ್ಸ್ ಆಲ್ರೆಡಿ ಸೆಂಟ್' ಅಂತ ತಕರಾರು ಬರಬಹುದು. ಒಂದು ಪುಟ ಸಬ್‌ಮಿಟ್ ಆದ ತಕ್ಷಣ ಅದರ ಮಾಹಿತಿ ಪರೀಕ್ಷಿಸಿ, ಸೆಷನ್ ಒಳಗೆ ಆ ಹಂತದ ಹೆಸರಿನಲ್ಲೇ ಇಟ್ಟು, 303 ರೀಡೈರೆಕ್ಟ್ ಮಾಡಿ ಮುಂದಿನ ಪುಟಕ್ಕೆ ಕಳಿಸಿ. ರೀಡೈರೆಕ್ಟ್ ಕೆಳಗೆ ಎಕ್ಸಿಟ್ ಮರೆಯಬೇಡಿ. ಆಗ ರಿಫ್ರೆಶ್ ಒತ್ತಿದರೆ ಅದೇ ಮಾಹಿತಿ ಎರಡು ಸಲ ಹೋಗುವುದಿಲ್ಲ, ಬ್ಯಾಕ್ ಒತ್ತಿದರೆ ಸೆಷನ್‌ನಿಂದ ತೆಗೆದು ಫೀಲ್ಡ್ ತುಂಬಿ ತೋರಿಸಬಹುದು.

ಆದರೆ ನಿಮ್ಮ ಅರ್ಜಿ ಉದ್ದವಾಗಿದ್ದರೆ ಸೆಷನ್ ಒಂದೇ ಸಾಲದು. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಹಾಸ್ಟೆಲ್‌ಗೆ ಪ್ರವೇಶದ ಅರ್ಜಿ ಮಾಡಿಕೊಟ್ಟಿದ್ದೆ, ಮೂರನೇ ಪುಟದಲ್ಲಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳಿದ್ದೆ. ಮಕ್ಕಳು ಅಲ್ಲಿಯವರೆಗೆ ತುಂಬಿ, ಬೀರು ಹುಡುಕಿ, ಊರಿಗೆ ಫೋನ್ ಮಾಡಿ ನಂಬರ್ ಕೇಳಿ ಬರುವಷ್ಟರಲ್ಲಿ ಅರ್ಧ ಗಂಟೆ. ಪಿಎಚ್‌ಪಿಯ ಡಿಫಾಲ್ಟ್ 1440 ಸೆಕೆಂಡ್, ಅಂದರೆ 24 ನಿಮಿಷ. ಅಷ್ಟು ಹೊತ್ತು ಯಾರೂ ಮುಟ್ಟದ ಸೆಷನ್‌ ಅನ್ನು ಅದು ಕಸ ಅಂತ ತೆಗೆದುಬಿಡಬಹುದು. ಕೊನೆಯ ಪುಟದಲ್ಲಿ ಹಿಂದಿನ ಹಂತಗಳು ಇವೆಯೋ ಇಲ್ಲವೋ ಅಂತ ನಾನು ನೋಡಿರಲಿಲ್ಲ. ಡೇಟಾಬೇಸ್‌ನಲ್ಲಿ ಹೆಸರೇ ಇಲ್ಲದ ಅರ್ಜಿಗಳು ಬಂದು ಕೂತಿದ್ದವು. ಅವು ಯಾವ ಮಕ್ಕಳದು ಅಂತ ಹುಡುಕಿ ಹುಡುಕಿ ಫೋನ್ ಮಾಡಿಸಬೇಕಾಯಿತು, ಇಂದಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಆಮೇಲೆ ದಾರಿ ಬದಲಿಸಿದೆ. ಮೊದಲ ಪುಟ ಸಬ್‌ಮಿಟ್ ಆದಾಗಲೇ ಡೇಟಾಬೇಸ್‌ನಲ್ಲಿ ಒಂದು ಸಾಲು ಸೇರಿಸಿ, ಸ್ಥಿತಿ 'ಕರಡು' ಅಂತ ಇಡಿ. ಪ್ರತಿ ಹಂತದಲ್ಲೂ ಅದೇ ಸಾಲನ್ನು ಅಪ್‌ಡೇಟ್ ಮಾಡಿ, ಕೊನೆಗೆ ಎಲ್ಲ ಹಂತವೂ ತುಂಬಿದೆಯಾ ಅಂತ ನೋಡಿಕೊಂಡು 'ಸಲ್ಲಿಕೆ' ಮಾಡಿ. ಆ ಸಾಲಿಗೆ ಕೀಲಿಯಾಗಿ ರ‍್ಯಾಂಡಮ್_ಬೈಟ್ಸ್‌ನಿಂದ 16 ಬೈಟ್ ತೆಗೆದು, ಹೆಕ್ಸ್‌ಗೆ ಬದಲಿಸಿ 32 ಅಕ್ಷರದ ಟೋಕನ್ (ಯಾರೂ ಊಹಿಸಲಾಗದ ಗುರುತು) ಮಾಡಿ. 41, 42 ಅಂತ ಕ್ರಮಸಂಖ್ಯೆಯನ್ನೇ ಲಿಂಕ್‌ನಲ್ಲಿ ಹಾಕಿದರೆ ಒಬ್ಬರ ಅರ್ಜಿ ಇನ್ನೊಬ್ಬರು ತೆರೆದು ನೋಡುತ್ತಾರೆ. ಟೋಕನ್‌ನಿಂದ ಇನ್ನೊಂದು ತೊಂದರೆಯೂ ತಪ್ಪಿತು. ಒಬ್ಬ ಅಪ್ಪ ಇಬ್ಬರು ಮಕ್ಕಳ ಅರ್ಜಿಯನ್ನು ಎರಡು ಟ್ಯಾಬ್‌ನಲ್ಲಿ ಒಟ್ಟಿಗೆ ತುಂಬಿದರೆ, ಸೆಷನ್ ಎರಡಕ್ಕೂ ಒಂದೇ ಆದ್ದರಿಂದ ತಂಗಿಯ ಹೆಸರು ಅಣ್ಣನ ಅರ್ಜಿಗೆ ಹೋಗುತ್ತದೆ. ಅರ್ಜಿಗೊಂದು ಟೋಕನ್ ಇದ್ದರೆ ಹಾಗಾಗುವುದಿಲ್ಲ.

ಫೋಟೋ ಅಪ್‌ಲೋಡ್ ಇದ್ದರೆ ಅದೇ ಹಂತದಲ್ಲೇ ಮೂವ್_ಅಪ್‌ಲೋಡೆಡ್_ಫೈಲ್ ಮಾಡಿ ಪಾತ್ ಮಾತ್ರ ಇಟ್ಟುಕೊಳ್ಳಿ. ಆ ರಿಕ್ವೆಸ್ಟ್ ಮುಗಿದ ಕೂಡಲೇ ಪಿಎಚ್‌ಪಿ ತಾತ್ಕಾಲಿಕ ಫೈಲ್ ಅಳಿಸುತ್ತದೆ. ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಡಿ ಅಂತ ಕೆಲವರು ಹೇಳಬಹುದು, ಆದರೆ ಸೈಬರ್ ಸೆಂಟರ್‌ನಲ್ಲಿ ತುಂಬುವವರು ಜಾಸ್ತಿ ಇದ್ದರೆ ಅದು ಖಂಡಿತ ಬೇಡ, ಮುಂದೆ ಕೂರುವವರಿಗೆ ಹಿಂದಿನವರ ವಿವರ ಅಲ್ಲೇ ಸಿಗುತ್ತದೆ.

ಎಂಟ್ಹತ್ತು ಫೀಲ್ಡ್‌ನ ಚಿಕ್ಕ ಫಾರ್ಮ್ ಆದರೆ ಇಷ್ಟೆಲ್ಲ ಬೇಕಿಲ್ಲ. ಒಂದೇ ಪುಟದಲ್ಲಿ ಒಂದೇ ಫಾರ್ಮ್ ಇಟ್ಟು, ಜಾವಾಸ್ಕ್ರಿಪ್ಟ್‌ನಿಂದ ಹಂತ ಹಂತವಾಗಿ ತೋರಿಸಿ, ಕೊನೆಗೆ ಒಂದೇ ಸಲ ಸಬ್‌ಮಿಟ್ ಮಾಡಿಸಿ.

ಮೊದಲು ಸೆಷನ್ ಹಾಕಿ ನೋಡಿ. ಎರಡನೇ ಪುಟದ ಮೇಲ್ಗಡೆ, ಸೆಷನ್_ಸ್ಟಾರ್ಟ್ ಆದ ಮೇಲೆ, ಸೆಷನ್ ಅರೇಯನ್ನು ವಾರ್_ಡಂಪ್ ಮಾಡಿ, ಒಳಗೆ ಏನಿದೆ ಅಂತ ಅದು ತೋರಿಸುತ್ತದೆ. ಆಗಲೂ ಖಾಲಿ ಬಂದರೆ ಆ ಪುಟದ ಮೊದಲ 20 ಸಾಲು ಕೋಡ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.