ಕೋಬಾಲ್ ನಂತರ ಕೋಟ್ಲಿನ್: ನಿವೃತ್ತರಾದ ಮೇಲೆ ಆ್ಯಪ್ ಬರೆಯುವ ಬಗ್ಗೆ

ಸರ್, ಬ್ಯಾಂಕಿನಲ್ಲಿ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ನಿವೃತ್ತರಾದ ನೀವು ಆಂಡ್ರಾಯ್ಡ್ ಆ್ಯಪ್ ಮಾಡಲು ಜಾವಾ ಭಾಷೆ ಕಲಿಯಲೋ ಕೋಟ್ಲಿನ್ ಭಾಷೆ ಕಲಿಯಲೋ ಎಂದು ಕೇಳಿದ್ದೀರಿ. ನೇರವಾಗಿ ಕೋಟ್ಲಿನ್‌ಗೇ ಬನ್ನಿ. 2019ರಿಂದ ಗೂಗಲ್ ಅದಕ್ಕೇ ಮೊದಲ ಮಣೆ ಹಾಕಿದೆ. ಲೂಪು, ಷರತ್ತು, ಫೈಲು ನಿಮಗೆ ಹೊಸದಲ್ಲ. ಕಷ್ಟವಾಗುವುದು ಬೇರೆ ಕಡೆ: ನಿಮ್ಮ ಬ್ಯಾಚ್ ಪ್ರೋಗ್ರಾಂ ಮೇಲಿಂದ ಕೆಳಗೆ ಓಡಿ ಮುಗಿಯುತ್ತಿತ್ತು, ಆ್ಯಪ್ ಬೆರಳು ತಾಗುವುದನ್ನೇ ಕಾಯುತ್ತದೆ, ಫೋನ್ ಅಡ್ಡ ತಿರುಗಿಸಿದರೆ ಸಾಮಾನ್ಯವಾಗಿ ಪರದೆಯನ್ನೇ ಹೊಸದಾಗಿ ಕಟ್ಟುತ್ತದೆ. ಆಗ ಮಾಹಿತಿ ಉಳಿಸಿಕೊಳ್ಳುವ, ವ್ಯೂಮಾಡೆಲ್ ಎಂಬ ಆ್ಯಪ್‌ನ ಭಾಗವನ್ನು ಮೊದಲೇ ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ವಯಸ್ಸಿನ ಚಿಂತೆ ಬೇಡವೇ ಬೇಡ. ಜಪಾನಿನ ಮಸಾಕೊ ವಾಕಾಮಿಯಾ 2017ರಲ್ಲಿ, ತಮ್ಮ 81ನೇ ವಯಸ್ಸಿನಲ್ಲಿ, ‘ಹಿನಾದಾನ್’ ಎಂಬ ಐಫೋನ್ ಆಟ ತಂದರು. ಅವರೂ ಬ್ಯಾಂಕಿನಲ್ಲಿದ್ದವರೇ! ಪ್ಲೇ ಸ್ಟೋರ್ ನೋಂದಣಿಗೆ ಒಮ್ಮೆ 25 ಡಾಲರ್ ಕಟ್ಟಿದರಾಯಿತು. ಹೊಸ ವೈಯಕ್ತಿಕ ಖಾತೆಯಾದರೆ, ಆ್ಯಪ್ ಎಲ್ಲರಿಗೂ ಬಿಡುವ ಮೊದಲು 12 ಮಂದಿ 14 ದಿನ ಅದನ್ನು ಪರೀಕ್ಷಿಸಬೇಕು. ಹಳೆಯ ಸಹೋದ್ಯೋಗಿಗಳನ್ನು ಈಗಲೇ ಕೇಳಿಡಿ.